ಪಶ್ಚಾತ್ತಾಪದ ಶಾಸನ ಕಳಿಂಗದಲ್ಲಿಲ್ಲ, ಕಳಿಂಗದ ಶಾಸನ ನಮ್ಮ ಸನ್ನತಿಯಲ್ಲಿದೆ: ಇದನ್ನು ಹೇಗೆ ಅರ್ಥ ಮಾಡಿಕೊಳ್ಳುವುದು?

ಭೀಮಾತೀರ:
ಎಲ್ಲರಿಗೂ ನಮಸ್ಕಾರ. ಅಶೋಕ ಕಳಿಂಗವನ್ನು ಗೆದ್ದ, ರಣರಂಗವನ್ನು ನೋಡಿ ಮರುಗಿದ, ಕತ್ತಿ ಕೆಳಗಿಟ್ಟು ಬೌದ್ಧನಾದ ಎಂಬ ಕಥೆ ನಮಗೆಲ್ಲ ಶಾಲೆಯಿಂದಲೇ ಬಾಯಿಪಾಠವಾಗಿದೆ. ಇದಕ್ಕೆ ಇರುವ ಮುಖ್ಯ ಆಧಾರ ಅವನು ಬರೆಸಿದ ಹದಿನಾಲ್ಕು ದೊಡ್ಡ ಶಿಲಾಶಾಸನಗಳ ಸಾಲಿನಲ್ಲಿ ಹದಿಮೂರನೆಯದು. ಪಟ್ಟಾಭಿಷೇಕವಾಗಿ ಎಂಟು ವರ್ಷ ಕಳೆದ ಮೇಲೆ, ಅಂದರೆ ಕ್ರಿ.ಪೂ. 261ರ ಸುಮಾರಿಗೆ, ಕಳಿಂಗವನ್ನು ಗೆದ್ದೆನೆಂದೂ, 1,50,000 ಜನರನ್ನು ಅಲ್ಲಿಂದ ಸಾಗಿಸಲಾಯಿತೆಂದೂ, 1,00,000 ಜನ ಹತರಾದರೆಂದೂ, ಅದರ ಎಷ್ಟೋ ಪಟ್ಟು ಜನ ಬೇರೆ ರೀತಿಯಲ್ಲಿ ಸತ್ತರೆಂದೂ ಹೇಳಿ, ಇದರ ನೂರನೆಯ ಅಥವಾ ಸಾವಿರದ ಒಂದು ಪಾಲು ಈಗ ನಡೆದರೂ ತನಗೆ ಸಹಿಸಲಾಗದು ಎಂದು ರಾಜನೇ ಅಲ್ಲಿ ಹೇಳಿಕೊಂಡಿದ್ದಾನೆ.

ಈ ಶಾಸನ ಇಂದಿನ ಪಾಕಿಸ್ತಾನದ ಶಹಬಾಜ್‌ಗಢಿ ಮತ್ತು ಮಾನ್ಸೆಹ್ರಾಗಳಲ್ಲಿ, ಉತ್ತರಾಖಂಡದ ಕಾಲ್ಸಿಯಲ್ಲಿ, ಗುಜರಾತಿನ ಗಿರ್ನಾರದಲ್ಲಿ, ಆಂಧ್ರದ ಎರ್ರಗುಡಿಯಲ್ಲಿ ಇದೆ. ಅಫ್ಘಾನಿಸ್ತಾನದ ಕಂದಹಾರದಲ್ಲಿ ಇದರ ಒಂದು ಭಾಗ ಗ್ರೀಕ್ ಭಾಷೆಯಲ್ಲಿ ಸಿಕ್ಕಿದೆ. ಆದರೆ ಯುದ್ಧ ನಡೆದ ನೆಲದಲ್ಲಿಯೇ, ಒಡಿಶಾದ ಧೌಲಿ ಮತ್ತು ಜೌಗಡದ ಬಂಡೆಗಳಲ್ಲಿ, ಇದು ಇಲ್ಲ. ಅಲ್ಲಿ ಇದರ ಬದಲಿಗೆ ಬೇರೆಲ್ಲಿಯೂ ಇಲ್ಲದ ಎರಡು ಶಾಸನಗಳನ್ನು ಕೆತ್ತಿಸಲಾಗಿದೆ. ವಿದ್ವಾಂಸರು ಅವನ್ನು ಪ್ರತ್ಯೇಕ ಶಾಸನಗಳೆಂದು ಕರೆದದ್ದೇ ಆ ಕಾರಣಕ್ಕೆ.

ಬೇರೆಲ್ಲಿಯೂ ಇಲ್ಲ ಎಂಬ ಮಾತು 1980ರ ದಶಕದವರೆಗೆ ಮಾತ್ರ ನಿಜವಾಗಿತ್ತು. ಕಲಬುರಗಿ ಜಿಲ್ಲೆಯ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ, ಕಾಳಿಯ ಗುಡಿಯ ಛಾವಣಿ 1986ರಲ್ಲಿ ಕುಸಿದ ಮೇಲೆ, ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅವೇ ಎರಡು ಪ್ರತ್ಯೇಕ ಶಾಸನಗಳು ಕಂಡುಬಂದವು. ಕಳಿಂಗಕ್ಕೆಂದೇ ಬರೆಸಿದ್ದು ಎನ್ನಲಾಗುತ್ತಿದ್ದ ಮಾತು ಭೀಮಾ ನದಿಯ ದಂಡೆಗೆ ಹೇಗೆ ಬಂದಿತು? ಕಳಿಂಗದವರಿಂದ ಪಶ್ಚಾತ್ತಾಪವನ್ನು ಮುಚ್ಚಿಟ್ಟದ್ದು ಏಕೆ? ತಿಳಿದವರು ದಯವಿಟ್ಟು ಬರೆಯಿರಿ. ವಾಟ್ಸಾಪ್‌ನಲ್ಲಿ ಸುತ್ತುವ ಮಾತುಗಳು ಬೇಡ.

ಕೋಟೆಕಲ್ಲು:
ಇದರಲ್ಲಿ ಅಷ್ಟೊಂದು ಒಗಟೇನಿಲ್ಲ. ಮನೆಮಂದಿಯನ್ನು ಕಳೆದುಕೊಂಡವರ ಮುಂದೆ ಇಷ್ಟು ಜನರನ್ನು ಕೊಂದೆ ಎಂದು ಓದಿಸಿದರೆ ಗಾಯದ ಮೇಲೆ ಬರೆ ಎಳೆದಂತಾಗುತ್ತದೆ. ಅದಕ್ಕಾಗಿ ಬಿಟ್ಟರು.

ಹಳೆಯ ಮೇಷ್ಟ್ರು:
ಕೋಟೆಕಲ್ಲು ಅವರೇ, ನಿಮ್ಮ ಉತ್ತರ ಹಳೆಯದು, ಪಠ್ಯಪುಸ್ತಕಗಳಲ್ಲಿಯೂ ಇದೆ. ಆದರೆ ಧೌಲಿ ಮತ್ತು ಜೌಗಡಗಳಲ್ಲಿ ಕೈಬಿಟ್ಟದ್ದು ಹದಿಮೂರನೆಯದನ್ನು ಮಾತ್ರವಲ್ಲ, 11, 12 ಮತ್ತು 13 ಈ ಮೂರನ್ನೂ ಕೈಬಿಡಲಾಗಿದೆ. ಹನ್ನೊಂದನೆಯದು ಧರ್ಮದಾನಕ್ಕೆ ಸಮನಾದ ದಾನವಿಲ್ಲ ಎನ್ನುತ್ತದೆ. ಹನ್ನೆರಡನೆಯದು ತನ್ನ ಮತವನ್ನು ಹೊಗಳಿ ಪರರ ಮತವನ್ನು ತೆಗಳಬಾರದು ಎನ್ನುತ್ತದೆ. ಇವೆರಡರಲ್ಲಿ ಯಾರ ಗಾಯಕ್ಕೂ ಬರೆ ಎಳೆಯುವ ಮಾತಿಲ್ಲ. ಹಾಗಿರುವಾಗ ಅವನ್ನು ಏಕೆ ಬಿಟ್ಟರು? ಎರಡು ಹೊಸ ಶಾಸನಗಳಿಗೆ ಬಂಡೆಯಲ್ಲಿ ಜಾಗ ಬೇಕಾಗಿತ್ತು, ಅದಕ್ಕಾಗಿ ಮೂರು ಹಳೆಯವನ್ನು ತೆಗೆದರು ಎಂಬ ಸರಳ ವಿವರಣೆಯೂ ಸಾಧ್ಯ.

ಶಾಸನಾಸಕ್ತ:
ಮೇಷ್ಟ್ರು ಹೇಳಿದ್ದಕ್ಕೆ ಒಂದು ಮಾತನ್ನು ಸೇರಿಸುತ್ತೇನೆ. ಈ ಪ್ರಶ್ನೆಗೆ ಅಶೋಕನೇ ಅರ್ಧ ಉತ್ತರ ಕೊಟ್ಟಿದ್ದಾನೆ. ಹದಿನಾಲ್ಕನೆಯ ಶಿಲಾಶಾಸನ ಉಳಿದ ಶಾಸನಗಳಿಗೆ ಬರೆದ ಹಿನ್ನುಡಿಯಂತಿದೆ. ಈ ಧರ್ಮಲಿಪಿಗಳು ಕೆಲವೆಡೆ ಸಂಕ್ಷಿಪ್ತವಾಗಿವೆ, ಕೆಲವೆಡೆ ಮಧ್ಯಮ ಪ್ರಮಾಣದಲ್ಲಿವೆ, ಕೆಲವೆಡೆ ವಿಸ್ತಾರವಾಗಿವೆ. ನನ್ನ ರಾಜ್ಯ ದೊಡ್ಡದು, ಬರೆಸಿದ್ದು ಬಹಳ, ಇನ್ನೂ ಬರೆಸುವೆನು. ಕೆಲವು ಮಾತುಗಳು ಮಧುರವಾಗಿರುವುದರಿಂದ ಮತ್ತೆ ಮತ್ತೆ ಬಂದಿವೆ. ಕೆಲವೆಡೆ ಪೂರ್ತಿ ಬರೆಯದೆ ಉಳಿದಿದ್ದರೆ ಅದಕ್ಕೆ ಸ್ಥಳ ಕಾರಣವಾಗಿರಬಹುದು, ಬೇಕೆಂದೇ ಬಿಟ್ಟದ್ದಿರಬಹುದು, ಇಲ್ಲವೇ ಲಿಪಿಕಾರನ ತಪ್ಪಿರಬಹುದು ಎಂಬುದು ಅದರ ಸಾರ.

ಎರಡು ಸಾವಿರದ ಇನ್ನೂರು ವರ್ಷಗಳ ಹಿಂದಿನ ಚಕ್ರವರ್ತಿಯೊಬ್ಬ ತನ್ನ ಕಚೇರಿಯ ಕಾಗುಣಿತದ ತಪ್ಪಿಗೂ ಒಂದು ಸಾಲು ಮೀಸಲಿಟ್ಟದ್ದು ನನಗೆ ಬಹಳ ಇಷ್ಟವಾದ ಸಂಗತಿ. ಅದಿರಲಿ. ಒಂದೊಂದು ಊರಿಗೆ ಒಂದೊಂದು ಆವೃತ್ತಿ ಹೋಗುತ್ತಿತ್ತು ಎಂಬುದನ್ನು ಅವನೇ ಒಪ್ಪಿಕೊಂಡಿರುವುದರಿಂದ, ಕಳಿಂಗದ ಆವೃತ್ತಿ ಬೇರೆಯಾಗಿದ್ದುದು ಗುಟ್ಟೇನೂ ಆಗಿರಲಿಲ್ಲ.

ಭೀಮಾತೀರ:
ಮೇಷ್ಟ್ರೇ, ಜಾಗದ ವಿವರಣೆ ಧೌಲಿಗೆ ಸರಿಹೊಂದಬಹುದು, ಆದರೆ ಸನ್ನತಿಗೆ ಹೊಂದುವುದಿಲ್ಲ. ಸನ್ನತಿಯ ಕಲ್ಲಿನ ಒಂದು ಮುಖದಲ್ಲಿ 12 ಮತ್ತು 14ನೆಯ ಶಾಸನಗಳಿವೆ, ಇನ್ನೊಂದು ಮುಖದಲ್ಲಿ ಎರಡು ಪ್ರತ್ಯೇಕ ಶಾಸನಗಳಿವೆ. ಧೌಲಿಯಲ್ಲಿ ಬಿಟ್ಟಿದ್ದ ಹನ್ನೆರಡನ್ನು ಇಲ್ಲಿ ಉಳಿಸಿಕೊಂಡಿದ್ದಾರೆ, ಬಿಟ್ಟದ್ದು ಹದಿಮೂರನ್ನು. ಹನ್ನೆರಡಕ್ಕೆ ಜಾಗ ಸಿಕ್ಕಿತು, ಹದಿನಾಲ್ಕಕ್ಕೂ ಸಿಕ್ಕಿತು, ನಡುವಿನದಕ್ಕೆ ಮಾತ್ರ ಸಿಗಲಿಲ್ಲ ಎಂದರೆ ನಂಬುವುದು ಹೇಗೆ? ಇದು ಗೊತ್ತಿದ್ದೇ ಮಾಡಿದ ಆಯ್ಕೆ.

ಹಳೆಯ ಮೇಷ್ಟ್ರು:
ಸಿಕ್ಕಿರುವುದು ಒಂದೇ ಕಲ್ಲು ಎಂಬುದನ್ನು ಮರೆಯಬೇಡಿ. 1ರಿಂದ 11ರವರೆಗಿನವು ಇದ್ದ ಕಲ್ಲುಗಳು ಸಿಕ್ಕಿಲ್ಲ. ಅವೂ ಯಾವುದಾದರೂ ಗುಡಿಯ ತಳಪಾಯದಲ್ಲಿ ಇರಬಹುದು. ಹಾಗಿದ್ದರೂ, 12ರ ನಂತರ 14 ಬರುವುದು ನಿಮ್ಮ ವಾದಕ್ಕೆ ಬಲ ಕೊಡುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ನಿಷ್ಠುರವಾದಿ:
ಇಲ್ಲಿ ಎಲ್ಲರೂ ಪಶ್ಚಾತ್ತಾಪವನ್ನು ನಿಜವೆಂದು ಮೊದಲೇ ಒಪ್ಪಿಕೊಂಡು ಮಾತನಾಡುತ್ತಿದ್ದೀರಿ. ಸ್ವಲ್ಪ ಹಿಂದೆ ಸರಿದು ನೋಡೋಣ. ಅಶೋಕ ಕಳಿಂಗವನ್ನು ಮರಳಿ ಬಿಟ್ಟುಕೊಟ್ಟನೇ? ಇಲ್ಲ, ಅಲ್ಲಿನ ತೋಸಲಿ ಪಟ್ಟಣದಲ್ಲಿ ರಾಜಕುಮಾರನೊಬ್ಬನನ್ನು ಕೂರಿಸಿ ಆಳಿದ. ಸಾಗಿಸಿದ ಒಂದೂವರೆ ಲಕ್ಷ ಜನರನ್ನು ಊರಿಗೆ ಕಳುಹಿಸಿದನೇ? ಅಂಥ ಒಂದು ಸಾಲೂ ಶಾಸನದಲ್ಲಿಲ್ಲ. ಸೈನ್ಯವನ್ನು ವಿಸರ್ಜಿಸಿದನೇ? ಅದೂ ಇಲ್ಲ. ಮರಣದಂಡನೆಯನ್ನು ತೆಗೆದನೇ? ಪಟ್ಟಾಭಿಷೇಕದ 26 ವರ್ಷಗಳ ನಂತರದ ನಾಲ್ಕನೆಯ ಸ್ತಂಭಶಾಸನದಲ್ಲಿ, ಮರಣದಂಡನೆಗೆ ಗುರಿಯಾದವರಿಗೆ ಮೂರು ದಿನಗಳ ಅವಧಿ ಕೊಡಬೇಕು ಎಂದಷ್ಟೇ ಇದೆ. ನೇಣುಗಂಬ ಎಲ್ಲಿತ್ತೋ ಅಲ್ಲಿಯೇ ಇತ್ತು.

ಇನ್ನು ಆ ಹದಿಮೂರನೆಯ ಶಾಸನವನ್ನೇ ಪೂರ್ತಿ ಓದಿ. ಮರುಗುವ ಸಾಲುಗಳು ಮುಗಿಯುತ್ತಿದ್ದಂತೆ ಕಾಡಿನ ಜನರಿಗೆ ಎಚ್ಚರಿಕೆ ಬರುತ್ತದೆ. ದೇವಾನಾಂಪ್ರಿಯನಿಗೆ, ಅಂದರೆ ಅಶೋಕನಿಗೆ, ಪಶ್ಚಾತ್ತಾಪವಿದ್ದರೂ ಶಿಕ್ಷಿಸುವ ಶಕ್ತಿಯೂ ಇದೆ, ನಾಚಿ ನಡೆದುಕೊಂಡರೆ ಜೀವ ಉಳಿಯುತ್ತದೆ ಎಂಬುದು ಅದರ ತಾತ್ಪರ್ಯ. ಇದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ. ದೂರದ ಕಂದಹಾರದ ಗ್ರೀಕರಿಗೆ ತನ್ನ ಮೃದು ಹೃದಯವನ್ನು ತೋರಿಸಿ, ಏಟು ತಿಂದ ಕಳಿಂಗದವರಿಗೆ ಅದನ್ನು ತೋರಿಸದೆ ಹೋದವನನ್ನು ನಾನು ಚತುರ ರಾಜಕಾರಣಿ ಎನ್ನುತ್ತೇನೆ, ಮಹಾತ್ಮ ಎನ್ನುವುದಿಲ್ಲ.

ಕೋಟೆಕಲ್ಲು:
ಚತುರ ರಾಜಕಾರಣಿಯಾಗಿದ್ದರೆ ಸತ್ತವರ ಲೆಕ್ಕವನ್ನು ಕಲ್ಲಿನಲ್ಲಿ ಬರೆಸುತ್ತಿದ್ದನೇ?

ತುಂಗಭದ್ರೆ:
ನಿಷ್ಠುರವಾದಿಗಳೇ, ನಿಮ್ಮ ಪ್ರಶ್ನೆಗಳು ನ್ಯಾಯವಾಗಿವೆ, ಆದರೆ ತೂಗುವ ತಕ್ಕಡಿ ಇಂದಿನದು. ಆ ಕಾಲದ ರಾಜರು ಕಲ್ಲಿನಲ್ಲಿ ಏನು ಬರೆಸುತ್ತಿದ್ದರು ಎಂಬುದನ್ನು ಪಕ್ಕದಲ್ಲಿಟ್ಟು ನೋಡಬೇಕು. ಕ್ರಿ.ಪೂ. 9ನೆಯ ಶತಮಾನದ ಅಸ್ಸೀರಿಯಾದ ದೊರೆ ಎರಡನೆಯ ಅಶುರ್‌ನಾಸಿರ್‌ಪಾಲ್, ದಂಗೆಯೆದ್ದ ನಾಯಕರ ಚರ್ಮ ಸುಲಿಸಿ ಕಂಬಕ್ಕೆ ಹೊದಿಸಿದ್ದನ್ನು ಹೆಮ್ಮೆಯಿಂದ ಬರೆಸಿದ್ದಾನೆ. ಕ್ರಿ.ಪೂ. 520ರ ಸುಮಾರಿನ ಬೆಹಿಸ್ತೂನ್ ಶಾಸನದಲ್ಲಿ ಪರ್ಷಿಯಾದ ಡೇರಿಯಸ್, ತನಗೆ ಎದುರು ನಿಂತ ಮೀಡಿಯಾದ ಫ್ರವರ್ತಿಶನ ಮೂಗು, ಕಿವಿ, ನಾಲಿಗೆ ಕೊಯ್ಯಿಸಿ, ಒಂದು ಕಣ್ಣು ಕೀಳಿಸಿ, ಅರಮನೆಯ ಬಾಗಿಲಲ್ಲಿ ಕಟ್ಟಿ ಜನರಿಗೆ ತೋರಿಸಿದೆ ಎನ್ನುತ್ತಾನೆ. ಅಶೋಕನ ಕಚೇರಿಗೆ ಆ ಪರ್ಷಿಯನ್ ಶಾಸನಗಳ ಮಾದರಿ ಪರಿಚಿತವಾಗಿತ್ತೆಂದು ಅನೇಕರು ಹೇಳುತ್ತಾರೆ. ಡೇರಿಯಸ್ ರಾಜನು ಹೀಗೆ ಹೇಳುತ್ತಾನೆ ಎಂದು ಅಲ್ಲಿ ಪ್ರತಿ ಭಾಗ ಆರಂಭವಾದರೆ, ದೇವಾನಾಂಪ್ರಿಯ ಪ್ರಿಯದರ್ಶಿ ರಾಜನು ಹೀಗೆ ಹೇಳುತ್ತಾನೆ ಎಂದು ಇಲ್ಲಿ ಆರಂಭವಾಗುತ್ತದೆ. ಸಾಂಪ್ರದಾಯಿಕ ಚೌಕಟ್ಟನ್ನು ಹಾಗೆಯೇ ತೆಗೆದುಕೊಂಡು, ಗೆದ್ದವನೊಬ್ಬ ಅದರೊಳಗೆ ತನ್ನ ಗೆಲುವನ್ನು ದುಃಖದ ಸಂಗತಿಯಾಗಿ ಬರೆಸಿದ್ದಾನೆ. ಇದಕ್ಕೆ ಸಮನಾದ ಇನ್ನೊಂದು ಉದಾಹರಣೆಯನ್ನು ಆ ಕಾಲದಿಂದ ತೋರಿಸಿ, ಆಮೇಲೆ ಪ್ರಚಾರವೋ ಅಲ್ಲವೋ ಎಂದು ಚರ್ಚಿಸೋಣ.

ಇನ್ನೊಂದು ವಿಷಯ. ಕಳಿಂಗದವರಿಗೆ ಅವನು ಏನು ಕೊಟ್ಟ ಎಂಬುದನ್ನು ಇಲ್ಲಿ ಯಾರೂ ಬಿಡಿಸಿ ಹೇಳಲಿಲ್ಲ. ಮೊದಲನೆಯ ಪ್ರತ್ಯೇಕ ಶಾಸನ ನಗರದ ನ್ಯಾಯ ನೋಡುವ ಮಹಾಮಾತ್ರರೆಂಬ ಹಿರಿಯ ಅಧಿಕಾರಿಗಳಿಗೆ ಬರೆದ ಕಟ್ಟಪ್ಪಣೆ. ಎಲ್ಲ ಮನುಷ್ಯರೂ ನನ್ನ ಮಕ್ಕಳು ಎಂಬ ಪ್ರಸಿದ್ಧ ಮಾತು ಇರುವುದು ಅದರಲ್ಲಿ. ಅದರ ಮುಂದಿನ ಸಾಲುಗಳು ಇನ್ನೂ ಮುಖ್ಯ. ಕಾರಣವಿಲ್ಲದೆ ಯಾರೂ ಸೆರೆವಾಸವನ್ನೂ ಹಿಂಸೆಯನ್ನೂ ಅನುಭವಿಸಬಾರದು; ಅಸೂಯೆ, ಸಿಟ್ಟು, ಕ್ರೌರ್ಯ, ಆತುರ, ಅಭ್ಯಾಸವಿಲ್ಲದಿರುವುದು, ಸೋಮಾರಿತನ, ದಣಿವು ಇವು ಇದ್ದವನಿಂದ ನ್ಯಾಯ ಸಾಧ್ಯವಿಲ್ಲ; ಇದನ್ನು ತಿಷ್ಯ (ಪುಷ್ಯ) ನಕ್ಷತ್ರದ ದಿನಗಳಲ್ಲಿ ಓದಿ ಹೇಳಬೇಕು, ನಡುವಿನ ದಿನಗಳಲ್ಲಿ ಕೇಳುವವನು ಒಬ್ಬನೇ ಇದ್ದರೂ ಓದಬೇಕು; ಕಠೋರನಲ್ಲದ ಅಧಿಕಾರಿಯನ್ನು ಐದು ವರ್ಷಗಳಿಗೊಮ್ಮೆ ಪರಿಶೀಲನೆಗೆ ಕಳುಹಿಸುವೆನು ಎಂದೆಲ್ಲ ಇದೆ. ಸೋತ ನಾಡಿನ ಜನರಿಗೆ ರಾಜನ ಕಣ್ಣೀರು ಬೇಕಾಗಿತ್ತೋ, ಅಧಿಕಾರಿಗಳ ಕೈ ಕಟ್ಟುವ ಆಜ್ಞೆ ಬೇಕಾಗಿತ್ತೋ ಎಂಬುದನ್ನು ನೀವೇ ಹೇಳಿ.

ನಿಷ್ಠುರವಾದಿ:
ಅಂಥ ಆಜ್ಞೆ ಹೊರಡಿಸಬೇಕಾಯಿತು ಎಂದರೆ ಅಲ್ಲಿ ಕಾರಣವಿಲ್ಲದೆ ಜನರನ್ನು ಹಿಡಿದು ಬಡಿಯುವುದು ನಡೆಯುತ್ತಿತ್ತು ಎಂದೇ ಅರ್ಥ. ಯುದ್ಧ ಮುಗಿದು ಎಷ್ಟೋ ವರ್ಷಗಳಾದ ಮೇಲೂ!

ತುಂಗಭದ್ರೆ:
ಹೌದು, ನಡೆಯುತ್ತಿತ್ತು. ಅದನ್ನು ಅವನು ಮುಚ್ಚಿಡಲಿಲ್ಲ, ಜನರ ಮುಂದೆ ಓದಿಸಿದ. ಇಂದಿನ ಯಾವ ಇಲಾಖೆ ತನ್ನ ಅಧಿಕಾರಿಗಳಿಗೆ ಕೊಟ್ಟ ಛೀಮಾರಿಯನ್ನು ಸಂತೆಯ ದಿನ ಊರ ಮುಂದೆ ಓದಿಸುತ್ತದೆ?

ಮಹಾನದಿ ದಂಡೆ:
ಕೆಲಸದ ನಿಮಿತ್ತ ಭುವನೇಶ್ವರದಲ್ಲಿ ನೆಲೆಸಿರುವ ಕನ್ನಡಿಗ ನಾನು. ಧೌಲಿಯ ಬಂಡೆ ಇಲ್ಲಿಂದ ಹತ್ತಿರ. ಬರುವವರಲ್ಲಿ ಹೆಚ್ಚಿನವರು ಗುಡ್ಡದ ಮೇಲೆ 1972ರಲ್ಲಿ ಕಟ್ಟಿದ ಬಿಳಿಯ ಶಾಂತಿಸ್ತೂಪವನ್ನು ನೋಡಿ, ಫೋಟೊ ತೆಗೆದುಕೊಂಡು ಹೋಗುತ್ತಾರೆ. ಶಾಸನ ಇರುವುದು ಕೆಳಗೆ. ಅದರ ಮೇಲುಭಾಗದಲ್ಲಿ ಬಂಡೆಯಿಂದಲೇ ಹೊರಬರುತ್ತಿರುವಂತೆ ಆನೆಯ ಮುಂಭಾಗವನ್ನು ಕಡೆದಿದ್ದಾರೆ. ತಲೆ, ಸೊಂಡಿಲು, ಮುಂಗಾಲು ಇಷ್ಟೇ. ಹಿಂಭಾಗ ಬಂಡೆಯಲ್ಲಿಯೇ ಉಳಿದಿದೆ. ಸಮೀಪದಲ್ಲಿ ದಯಾ ನದಿ ಹರಿಯುತ್ತದೆ. ಯುದ್ಧದ ದಿನ ಅದರ ನೀರು ಕೆಂಪಾಗಿತ್ತು ಎಂದು ಇಲ್ಲಿನವರು ಹೇಳುತ್ತಾರೆ. ಅದು ಜನರ ನಂಬಿಕೆ. ಶಾಸನದಲ್ಲಿ ಯುದ್ಧ ಎಲ್ಲಿ ನಡೆಯಿತು ಎಂಬುದೇ ಇಲ್ಲ.

ಇಲ್ಲಿನವರಿಗೆ ನಿಜವಾದ ಅಭಿಮಾನ ಇರುವುದು ಖಾರವೇಲನ ಮೇಲೆ. ಧೌಲಿಯಿಂದ ಹೆಚ್ಚು ದೂರವಿಲ್ಲದ ಉದಯಗಿರಿಯ ಹಾಥಿಗುಂಫಾ ಗುಹೆಯಲ್ಲಿ ಅವನ 17 ಸಾಲುಗಳ ಶಾಸನವಿದೆ. ಕ್ರಿ.ಪೂ. ಎರಡನೆಯ ಅಥವಾ ಒಂದನೆಯ ಶತಮಾನದ ಈ ಜೈನ ದೊರೆ, ಹಿಂದೆ ನಂದರಾಜ ಒಯ್ದಿದ್ದ ಕಳಿಂಗದ ಜಿನಪ್ರತಿಮೆಯನ್ನು ಮಗಧದಿಂದ ಮರಳಿ ತಂದೆನೆಂದು ಹೇಳಿಕೊಂಡಿದ್ದಾನೆ. ನಂದರಾಜ ತೋಡಿಸಿದ್ದ ಕಾಲುವೆಯನ್ನು ರಾಜಧಾನಿಯವರೆಗೆ ವಿಸ್ತರಿಸಿದ್ದೂ ಅದರಲ್ಲಿದೆ. ಹಾಗಾಗಿ ಕಳಿಂಗವನ್ನು ಮಗಧ ಮೊದಲು ಹಿಡಿದದ್ದು ಅಶೋಕನ ಕಾಲದಲ್ಲಲ್ಲ, ನಂದರ ಕಾಲದಲ್ಲಿಯೇ. ನಡುವೆ ಅದು ಕೈತಪ್ಪಿರಬೇಕು. ವಿಚಿತ್ರವೆಂದರೆ, ಲಕ್ಷ ಜನ ಸತ್ತ ಯುದ್ಧದ ಮಾತು ಓದಲು ಸಿಕ್ಕ ಆ ಸಾಲುಗಳಲ್ಲಿ ಎಲ್ಲಿಯೂ ಇಲ್ಲ. ಕಳಿಂಗದ ಸ್ವಾಭಿಮಾನದ ಅತಿ ದೊಡ್ಡ ಶಾಸನ ನಂದನನ್ನು ನೆನೆಯುತ್ತದೆ, ಅಶೋಕನನ್ನು ನೆನೆಯುವುದಿಲ್ಲ.

ಚಿಕ್ಕಬೆಟ್ಟ:
ಜೈನರ ಮಾತು ಬಂದದ್ದರಿಂದ ಕೇಳುತ್ತಿದ್ದೇನೆ. ಅಶೋಕನ ತಾತ ಚಂದ್ರಗುಪ್ತ ಶ್ರವಣಬೆಳಗೊಳಕ್ಕೆ ಬಂದು ಸಲ್ಲೇಖನ ಮಾಡಿದ್ದರಿಂದಲೇ ಕರ್ನಾಟಕ ಮೌರ್ಯರಿಗೆ ಸೇರಿತು ಎಂದು ಹೇಳಬಹುದಲ್ಲವೇ?

ಶಾಸನಾಸಕ್ತ:
ಸಲ್ಲೇಖನಕ್ಕೆ ಬಂದವನು ರಾಜ್ಯವನ್ನು ಬಿಟ್ಟು ಬಂದವನು, ರಾಜ್ಯ ಕಟ್ಟಲು ಬಂದವನಲ್ಲ. ಚಂದ್ರಗುಪ್ತನ ಗುರುವೆನ್ನಲಾಗುವ ಜೈನಮುನಿ ಭದ್ರಬಾಹುವಿನ ಪರಂಪರೆಯನ್ನು ಹೇಳುವ, ಶ್ರವಣಬೆಳಗೊಳದ ಚಿಕ್ಕಬೆಟ್ಟದ ಶಾಸನ ಕ್ರಿ.ಶ. 600ರ ಸುಮಾರಿನದು, ಅಂದರೆ ಆ ಘಟನೆಗೂ ಅದಕ್ಕೂ ಸುಮಾರು ಒಂಬೈನೂರು ವರ್ಷಗಳ ಅಂತರವಿದೆ. ಪರಂಪರೆಯನ್ನು ಗೌರವಿಸೋಣ, ಆದರೆ ಮೌರ್ಯರ ಆಡಳಿತಕ್ಕೆ ಅದನ್ನು ಆಧಾರ ಮಾಡಿಕೊಳ್ಳುವುದು ಬೇಡ. ಅಶೋಕ ತಾನು ಮಾಡಿದ್ದೆಂದು ಹೇಳಿಕೊಳ್ಳುವ ಯುದ್ಧ ಕಳಿಂಗದ್ದೊಂದೇ. ಆದ್ದರಿಂದ ದಖ್ಖನಿನ ಈ ಭಾಗ ಅವನ ತಂದೆಯ ಅಥವಾ ತಾತನ ಕಾಲದಲ್ಲಿಯೇ ಸೇರಿರಬೇಕು. ಬಿಂದುಸಾರ ಎರಡು ಸಮುದ್ರಗಳ ನಡುವಿನ ನಾಡನ್ನು ಗೆದ್ದನೆಂದು ಟಿಬೆಟಿನ ತಾರಾನಾಥ ಬರೆದಿದ್ದಾನೆ, ಆದರೆ ಅವನು 17ನೆಯ ಶತಮಾನದ ಆರಂಭದವನು. ಅದನ್ನೂ ಎಚ್ಚರದಿಂದಲೇ ಬಳಸಬೇಕು.

ಕೊಪ್ಪಳದವ:
ಗವಿಮಠದ ಬಂಡೆಯನ್ನು ನೋಡುತ್ತಲೇ ಬೆಳೆದವರು ನಾವು. ನಮ್ಮ ಕಡೆಯ ಶಾಸನಗಳ ಬಗ್ಗೆ ಇಲ್ಲಿಯವರೆಗೆ ಯಾರೂ ಹೇಳದ ಒಂದು ಸಂಗತಿಯನ್ನು ಹೇಳುತ್ತೇನೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ರಾಯಚೂರು ಜಿಲ್ಲೆಯ ಮಸ್ಕಿ, ಬಳ್ಳಾರಿ ಕಡೆಯ ನಿಟ್ಟೂರು ಮತ್ತು ಉಡೆಗೋಳ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಇಲ್ಲೆಲ್ಲ ಇರುವುದು ಕಿರು ಶಿಲಾಶಾಸನಗಳು. ಇವುಗಳಲ್ಲಿ ಕಳಿಂಗದ ಹೆಸರೇ ಇಲ್ಲ. ತಾನು ಉಪಾಸಕ, ಅಂದರೆ ಬೌದ್ಧ ಗೃಹಸ್ಥ ಅನುಯಾಯಿ, ಆಗಿ ಎರಡೂವರೆ ವರ್ಷಗಳಿಗೂ ಹೆಚ್ಚಾಯಿತು, ಮೊದಲ ಒಂದು ವರ್ಷ ಅಷ್ಟಾಗಿ ಶ್ರದ್ಧೆ ವಹಿಸಲಿಲ್ಲ, ಸಂಘದ ಬಳಿಗೆ ಹೋಗಿ ಒಂದು ವರ್ಷಕ್ಕೂ ಹೆಚ್ಚಾಯಿತು, ಆಮೇಲೆ ತುಂಬ ಶ್ರಮಿಸುತ್ತಿದ್ದೇನೆ ಎಂದು ಅವನು ಇಲ್ಲಿ ಹೇಳುತ್ತಾನೆ.

ಯುದ್ಧಭೂಮಿಯಲ್ಲಿಯೇ ಮನಸ್ಸು ಮುರಿದು ಆ ಕ್ಷಣದಲ್ಲಿ ಬೌದ್ಧನಾದ ಎಂಬ ನಾಟಕೀಯ ಚಿತ್ರಕ್ಕೆ ಇದು ಹೊಂದುವುದಿಲ್ಲ. ಒಂದು ವರ್ಷ ಹೆಸರಿಗೆ ಮಾತ್ರ ಉಪಾಸಕನಾಗಿದ್ದೆ ಎಂದು ಅವನೇ ಹೇಳುತ್ತಿದ್ದಾನೆ. ಸಿಂಹಳದ ಮಹಾವಂಸವಾಗಲಿ, ಸಂಸ್ಕೃತದ ಅಶೋಕಾವದಾನವಾಗಲಿ ಅವನು ಬೌದ್ಧನಾದ ಕಥೆಯನ್ನು ವಿಸ್ತಾರವಾಗಿ ಹೇಳುತ್ತವೆ, ಆದರೆ ಎರಡರಲ್ಲಿಯೂ ಕಳಿಂಗ ಯುದ್ಧದ ಪ್ರಸ್ತಾಪವಿಲ್ಲ. ಕಳಿಂಗವನ್ನೂ ಧರ್ಮದ ಮೇಲಿನ ಒಲವನ್ನೂ ಒಂದಕ್ಕೊಂದು ಹೊಸೆದದ್ದು ಆ ಹದಿಮೂರನೆಯ ಶಾಸನ ಮಾತ್ರ. ಅದನ್ನು ಬರೆಸಿದ್ದು ಯುದ್ಧ ಮುಗಿದು ಸುಮಾರು ಐದು ವರ್ಷಗಳಾದ ಮೇಲೆ.

ಕೋಟೆಕಲ್ಲು:
ಐದು ವರ್ಷ ಎಂಬುದು ಹೇಗೆ ಗೊತ್ತಾಯಿತು? ಹದಿಮೂರರಲ್ಲಿ ಅದನ್ನು ಬರೆಸಿದ ವರ್ಷ ಇಲ್ಲವಲ್ಲ.

ಶಾಸನಾಸಕ್ತ:
ಎರಡು ದಾರಿಗಳಿಂದ ಗೊತ್ತಾಗುತ್ತದೆ. ಅದೇ ಸಾಲಿನ ಮೂರು ಮತ್ತು ನಾಲ್ಕನೆಯ ಶಾಸನಗಳು ಪಟ್ಟಾಭಿಷೇಕದ 12 ವರ್ಷಗಳ ನಂತರದವು. ಐದನೆಯದು 13 ವರ್ಷಗಳಾದ ಮೇಲೆ ಧರ್ಮಪ್ರಸಾರದ ಅಧಿಕಾರಿಗಳಾದ ಧರ್ಮಮಹಾಮಾತ್ರರನ್ನು ನೇಮಿಸಿದ್ದನ್ನು ಹೇಳುತ್ತದೆ. ಹದಿಮೂರನೆಯದು ಅದಕ್ಕಿಂತ ಹಿಂದಿನದಾಗಿರಲಾರದು. ಎರಡನೆಯ ದಾರಿ ಇನ್ನೂ ಸ್ವಾರಸ್ಯವಾದುದು. ಅದರಲ್ಲಿ ಐವರು ಯವನ, ಅಂದರೆ ಗ್ರೀಕ್, ರಾಜರ ಹೆಸರುಗಳಿವೆ: ಸಿರಿಯಾದ ಎರಡನೆಯ ಆಂಟಿಯೋಕಸ್, ಈಜಿಪ್ಟಿನ ಎರಡನೆಯ ಟಾಲೆಮಿ, ಮೆಸಿಡೋನಿಯಾದ ಆಂಟಿಗೋನಸ್ ಗೊನಾಟಸ್, ಸೈರೀನಿನ ಮಗಸ್, ಕೊನೆಯವನು ಅಲೆಕ್ಸಾಂಡರ್. ಈ ಕೊನೆಯವನು ಎಪೈರಸಿನವನೋ ಕೊರಿಂಥಿನವನೋ ಎಂಬ ವಾದ ಇನ್ನೂ ಇದೆ. ಆಂಟಿಯೋಕಸ್ ಪಟ್ಟಕ್ಕೆ ಬಂದದ್ದು ಕ್ರಿ.ಪೂ. 261ರಲ್ಲಿ, ಮಗಸ್ ಸತ್ತದ್ದು 250ರ ಸುಮಾರಿಗೆ. ಐವರೂ ಬದುಕಿದ್ದ ಅವಧಿ ಇದರ ನಡುವಿನದು. ಭಾರತದ ಪ್ರಾಚೀನ ಕಾಲಗಣನೆಗೆ ಇದಕ್ಕಿಂತ ಗಟ್ಟಿಯಾದ ಗೂಟ ಅಪರೂಪ.

ಲೆಕ್ಕಿಗ:
ಅಂಕಿಗಳ ಬಗ್ಗೆ ಒಂದು ಸಂದೇಹವಿದೆ. ಒಂದೂವರೆ ಲಕ್ಷ, ಒಂದು ಲಕ್ಷ ಎಂಬವು ತೀರ ದುಂಡಗಿನ ಸಂಖ್ಯೆಗಳು. ರೋಮಿನ ಪ್ಲಿನಿಯ ಬರಹದಲ್ಲಿ ಕಳಿಂಗದ ರಾಜನಿಗೆ 60,000 ಕಾಲಾಳು, 1,000 ಕುದುರೆ ಸವಾರರು, 700 ಆನೆಗಳ ಸೈನ್ಯವಿತ್ತೆಂದು ಇದೆ. ಚಂದ್ರಗುಪ್ತನ ಕಾಲದ ಗ್ರೀಕ್ ರಾಯಭಾರಿ ಮೆಗಸ್ತನೀಸನ ಕಾಲದ ಮಾಹಿತಿಯನ್ನು ಅವನು ಬಳಸಿರಬಹುದು. ಆ ಲೆಕ್ಕದಲ್ಲಿ ಇಡೀ ಸೈನ್ಯ ನಾಶವಾದರೂ ಒಂದು ಲಕ್ಷವಾಗುವುದಿಲ್ಲ, ಹಾಗಾಗಿ ಸಾಮಾನ್ಯ ಜನರೂ ಸತ್ತಿರಬೇಕು, ಇಲ್ಲವೇ ಸಂಖ್ಯೆ ಉಬ್ಬಿರಬೇಕು. ಕಂದಹಾರದ ಗ್ರೀಕ್ ಪಾಠದಲ್ಲಿ ಇನ್ನೊಂದು ವ್ಯತ್ಯಾಸವಿದೆ. ಹತರಾದವರ ಎಷ್ಟೋ ಪಟ್ಟು ಜನ ಸತ್ತರು ಎಂದು ಪ್ರಾಕೃತದಲ್ಲಿದ್ದರೆ, ಸುಮಾರು ಅಷ್ಟೇ ಜನ ಸತ್ತರು ಎಂದು ಗ್ರೀಕಿನಲ್ಲಿದೆ. ಒಂದೇ ಸರ್ಕಾರದ ಎರಡು ಪ್ರತಿಗಳಲ್ಲಿ ಸಾವಿನ ಲೆಕ್ಕ ಕೂಡಿಬರುವುದಿಲ್ಲ!

ತುಂಗಭದ್ರೆ:
ಸಾಮಾನ್ಯ ಜನ ಸತ್ತರು ಎಂಬುದಕ್ಕೆ ಊಹೆ ಬೇಡ, ಶಾಸನವೇ ಹೇಳುತ್ತದೆ. ಅಲ್ಲಿದ್ದ ಬ್ರಾಹ್ಮಣರು, ಶ್ರಮಣರು, ಹಿರಿಯರ ಮಾತು ಕೇಳಿಕೊಂಡು ತಂದೆತಾಯಿಯರ ಸೇವೆ ಮಾಡಿಕೊಂಡಿದ್ದ ಗೃಹಸ್ಥರು, ಆಳುಕಾಳುಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದವರು, ಇವರಿಗೆಲ್ಲ ಪೆಟ್ಟು, ಸಾವು, ಪ್ರಿಯರ ಅಗಲಿಕೆ ಒದಗಿತು ಎಂದಿದೆ. ತಮಗೇನೂ ಆಗದೆ ಉಳಿದವರೂ ತಮ್ಮ ಸ್ನೇಹಿತರಿಗೆ, ನೆಂಟರಿಗೆ ಆದದ್ದರಿಂದ ನೊಂದರು ಎಂದೂ ಇದೆ. ಸಂಖ್ಯೆ ಉಬ್ಬಿರಬಹುದು, ಆದರೆ ಈ ಸಾಲುಗಳನ್ನು ಬರೆಸಿದವನಿಗೆ ಯುದ್ಧದ ನಂತರದ ಮನೆಗಳು ಹೇಗಿರುತ್ತವೆ ಎಂಬುದು ತಿಳಿದಿತ್ತು.

ನಿಷ್ಠುರವಾದಿ:
ಲೆಕ್ಕಿಗರು ಸತ್ತವರನ್ನು ಎಣಿಸುತ್ತಿದ್ದಾರೆ. ನನಗೆ ಸಾಗಿಸಲ್ಪಟ್ಟವರ ಚಿಂತೆ. ಒಂದೂವರೆ ಲಕ್ಷ ಜನರನ್ನು ಎಲ್ಲಿಗೆ ಒಯ್ದರು? ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣ ಆರಂಭವಾಗುವುದೇ ಇಲ್ಲಿಂದ. ಪರದೇಶದಿಂದ ಜನರನ್ನು ತಂದೋ, ತನ್ನ ನಾಡಿನ ಹೆಚ್ಚಿನ ಜನಸಂಖ್ಯೆಯನ್ನು ಕಳುಹಿಸಿಯೋ ಹೊಸ ಜನಪದಗಳನ್ನು ನೆಲೆಗೊಳಿಸಬೇಕು, ಅಲ್ಲಿ ಹೆಚ್ಚಾಗಿ ಶೂದ್ರ ಕೃಷಿಕರಿರಬೇಕು ಎಂದು ಅಲ್ಲಿ ವಿಧಿಸಲಾಗಿದೆ. ಕಾಡು ಕಡಿದು ಹೊಲ ಮಾಡಲು ಕೈಗಳು ಬೇಕು, ಬೆಳೆದದ್ದರಲ್ಲಿ ಪಾಲು ಬೊಕ್ಕಸಕ್ಕೆ ಬರಬೇಕು. ಯುದ್ಧ ಅಂಥ ಕೈಗಳನ್ನು ಒದಗಿಸಿತು. ರಾಜನು ಮರುಗಿದ, ಸರಿ. ಆದರೆ ಆ ಜನ ಯಾವುದೋ ಅಪರಿಚಿತ ನೆಲದಲ್ಲಿ ಕಾಡು ಕಡಿಯುತ್ತಿರುವಾಗಲೇ ಅವನು ಮರುಗಿದ್ದು.

ಹಳೆಯ ಮೇಷ್ಟ್ರು:
ಅರ್ಥಶಾಸ್ತ್ರದ ಈಗಿನ ರೂಪ ಕ್ರಿಸ್ತಶಕದ ಮೊದಲ ಶತಮಾನಗಳದ್ದು ಎಂಬ ಅಭಿಪ್ರಾಯ ಇಂದು ಬಲವಾಗಿದೆ. ಅದನ್ನು ನೇರವಾಗಿ ಅಶೋಕನ ಆಡಳಿತದ ಕೈಪಿಡಿಯೆಂದು ಹಿಡಿಯುವುದು ಕಷ್ಟ. ಆದರೆ ಗೆದ್ದ ನಾಡಿನ ಜನರನ್ನು ಎಬ್ಬಿಸಿ ಬೇರೆಡೆ ನೆಲೆಗೊಳಿಸುವುದು ಅಸ್ಸೀರಿಯನ್ನರ ಕಾಲದಿಂದಲೂ ಸಾಮ್ರಾಜ್ಯಗಳ ವಾಡಿಕೆ. ನಿಮ್ಮ ಊಹೆಗೆ ಅರ್ಥಶಾಸ್ತ್ರದ ಆಸರೆ ಇಲ್ಲದಿದ್ದರೂ ಅದು ನಿಲ್ಲುತ್ತದೆ. ಇದನ್ನು ನಾನು ಬೇಸರದಿಂದಲೇ ಹೇಳುತ್ತಿದ್ದೇನೆ.

ಮಹಾನದಿ ದಂಡೆ:
ಹಾಗಾದರೆ ಕಳಿಂಗದ ಆ ಜನರಲ್ಲಿ ಒಂದು ಪಾಲು ಭೀಮಾ ತೀರಕ್ಕೆ ಬಂದಿರಬಹುದೇ? ಅವರಿಗಾಗಿಯೇ ಪ್ರತ್ಯೇಕ ಶಾಸನಗಳು ಸನ್ನತಿಗೆ ಬಂದವು ಎನ್ನಬಹುದೇ?

ಶಾಸನಾಸಕ್ತ:
ಕೇಳಲು ಸೊಗಸಾಗಿದೆ, ಆದರೆ ಆಧಾರ ಒಂದೂ ಇಲ್ಲ. ಹಾಗೆ ಬರೆದುಬಿಟ್ಟರೆ ನಾಳೆಯಿಂದಲೇ ಅದು ಇತಿಹಾಸವೆಂದು ಹರಡುತ್ತದೆ.

ಸನ್ನತಿಯ ಬಗ್ಗೆ ಯೋಚಿಸುವಾಗ ಕಲ್ಲಿನ ಸ್ವರೂಪವನ್ನೇ ನೋಡಬೇಕು. ಬೇರೆಡೆ ದೊಡ್ಡ ಶಿಲಾಶಾಸನಗಳು ಇರುವುದು ಸಾಮಾನ್ಯವಾಗಿ ನೈಸರ್ಗಿಕ ಬಂಡೆಗಳ ಮೇಲೆ. ಸನ್ನತಿಯದು ಎರಡೂ ಮುಖಗಳಲ್ಲಿ ಬರೆದ ಹಾಸುಗಲ್ಲು, ಅಂದರೆ ಎರಡೂ ಕಡೆಯಿಂದ ಕಾಣುವಂತೆ ನಿಲ್ಲಿಸಿದ್ದು. ಹೋಗಿಬರುವ ಜನರಿದ್ದ ಪಟ್ಟಣದಲ್ಲಿ ಅದನ್ನು ನೆಟ್ಟಿರಬೇಕು. ನೂರಾರು ವರ್ಷಗಳ ನಂತರ, ಶಾಸನಗಳ ಬ್ರಾಹ್ಮಿ ಲಿಪಿಯನ್ನು ಓದಬಲ್ಲವರು ಯಾರೂ ಉಳಿಯದ ಕಾಲದಲ್ಲಿ, ಗುಡಿ ಕಟ್ಟುವವರಿಗೆ ಅದೊಂದು ಒಳ್ಳೆಯ ಚಪ್ಪಟೆ ಕಲ್ಲಾಗಿ ಕಂಡಿತು. ವಿಗ್ರಹವನ್ನು ಕೂರಿಸಲು ಕಲ್ಲುಕುಟಿಗ ನಡುವೆ ಆಯತಾಕಾರದ ಕಂಡಿ ಕೊರೆದ. ಉಳಿ ಹೋದಲ್ಲೆಲ್ಲ ಅಕ್ಷರಗಳೂ ಹೋದವು. ಆದರೂ ಪೀಠವಾಗಿ ಮುಚ್ಚಿಕೊಂಡದ್ದರಿಂದಲೇ ಉಳಿದ ಅಕ್ಷರಗಳು ಮಳೆ ಬಿಸಿಲಿಗೆ ಸವೆಯದೆ ಉಳಿದವು ಎಂಬುದನ್ನೂ ಹೇಳಬೇಕು. ಬಯಲಲ್ಲೇ ಉಳಿದ ಪಾಲ್ಕಿಗುಂಡಿನ ಶಾಸನ ಎಷ್ಟು ಸವೆದಿದೆ ಎಂಬುದನ್ನು ಕೊಪ್ಪಳದವರು ಬಲ್ಲರು.

ಭೀಮಾತೀರ:
ನನ್ನ ಊಹೆ ಬೇರೆ. ಎರಡನೆಯ ಪ್ರತ್ಯೇಕ ಶಾಸನ ಇರುವುದು ಇನ್ನೂ ಗೆಲ್ಲದ ಗಡಿಯ ಜನರ ಬಗ್ಗೆ. ಅವರು ನನಗೆ ಹೆದರಬೇಕಾಗಿಲ್ಲ, ನನ್ನಿಂದ ಅವರಿಗೆ ಸುಖವೇ ಸಿಗುವುದು, ದುಃಖವಲ್ಲ, ಕ್ಷಮಿಸಬಹುದಾದದ್ದನ್ನು ಕ್ಷಮಿಸುವೆನು ಎಂಬ ಭರವಸೆಯನ್ನು ಅವರಿಗೆ ಮುಟ್ಟಿಸಿ ಎಂದು ಅಧಿಕಾರಿಗಳಿಗೆ ಹೇಳುತ್ತದೆ. ಕಳಿಂಗ ಒಂದು ಗಡಿ, ಭೀಮಾ ಕೃಷ್ಣೆಗಳ ನಾಡು ಇನ್ನೊಂದು ಗಡಿ. ಹಾಗಾದರೆ ಈ ಶಾಸನಗಳು ಕಳಿಂಗಕ್ಕೆಂದೇ ಬರೆದವಲ್ಲ, ಪಾಟಲಿಪುತ್ರದ ಹಿಡಿತ ಸಡಿಲವಾಗಿದ್ದ ಗಡಿ ಪ್ರಾಂತ್ಯಗಳಿಗೆಂದು ಬರೆದವು. ಹದಿಮೂರನ್ನು ಬಿಟ್ಟ ಕಾರಣವೂ ಆಗ ಅರ್ಥವಾಗುತ್ತದೆ. ಹೆದರಬೇಡಿ ಎಂದು ಹೇಳುವ ಕಲ್ಲಿನಲ್ಲಿಯೇ ಲಕ್ಷ ಜನರನ್ನು ಕೊಂದ ಲೆಕ್ಕವನ್ನು ಹೇಗೆ ಬರೆಸುವುದು?

ಹಳೆಯ ಮೇಷ್ಟ್ರು:
ಇದು ಒಳ್ಳೆಯ ವಾದ. ಆದರೆ ಇದಕ್ಕೆ ಎರ್ರಗುಡಿ ಅಡ್ಡ ಬರುತ್ತದೆ. ಅದೂ ದಕ್ಷಿಣದ ಗಡಿಯೇ, ಸನ್ನತಿಗಿಂತ ಇನ್ನೂ ದಕ್ಷಿಣಕ್ಕಿದೆ, ಚೋಳ ಪಾಂಡ್ಯರ ನಾಡಿಗೆ ಹತ್ತಿರವಾಗಿದೆ. ಅಲ್ಲಿ ಹದಿಮೂರನೆಯ ಶಾಸನವಿದೆ, ಪ್ರತ್ಯೇಕ ಶಾಸನಗಳಿಲ್ಲ. ಗಡಿಯಾಗಿದ್ದುದೇ ಕಾರಣವಾಗಿದ್ದರೆ ಎರ್ರಗುಡಿಗೂ ಸನ್ನತಿಯ ಆವೃತ್ತಿಯೇ ಹೋಗಬೇಕಿತ್ತು.

ಭೀಮಾತೀರ:
ಎಲ್ಲ ಗಡಿಗಳೂ ಒಂದೇ ರೀತಿಯವಲ್ಲ ಮೇಷ್ಟ್ರೇ. ಎರ್ರಗುಡಿಯ ಆಚೆ ಇದ್ದವರು ಚೋಳರು, ಪಾಂಡ್ಯರು. ಹದಿಮೂರನೆಯ ಶಾಸನ ಅವರನ್ನು ಧರ್ಮವಿಜಯಕ್ಕೆ ಒಳಗಾದ ನೆರೆಯವರೆಂದು ಹೆಸರು ಹಿಡಿದು ಹೇಳುತ್ತದೆ. ಸನ್ನತಿಯ ಸುತ್ತ ಅಂಥ ರಾಜರು ಯಾರಿದ್ದರು? ಅಲ್ಲಿ ಇತ್ತೀಚೆಗೆ ಹಿಡಿದ ಪ್ರದೇಶವೋ, ಅಧಿಕಾರಿಗಳ ದೌರ್ಜನ್ಯದ ದೂರೋ ಇದ್ದಿರಬೇಕು.

ಕೋಟೆಕಲ್ಲು:
ದೂರು ಇದ್ದಿರಬೇಕು ಎಂಬುದು ಒಳ್ಳೆಯ ಮಾತು. ಕಲಬುರಗಿ ಕಡೆ ಅಧಿಕಾರಿಗಳ ಮೇಲೆ ದೂರು ಅಷ್ಟು ಹಳೆಯದೇ?

ಕೊಪ್ಪಳದವ:
ಕೋಟೆಕಲ್ಲು ಅವರೇ, ನಗೆಚಾಟಿಕೆ ಇರಲಿ, ಆದರೆ ಬ್ರಹ್ಮಗಿರಿಯ ಶಾಸನದ ಆರಂಭವನ್ನು ಓದಿದರೆ ಆ ಆಡಳಿತದ ಸರಪಣಿ ಕಣ್ಣಿಗೆ ಕಟ್ಟುತ್ತದೆ. ಸುವರ್ಣಗಿರಿಯಿಂದ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಅಲ್ಲಿನ ಮಹಾಮಾತ್ರರು ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಆಮೇಲೆ ರಾಜಾಜ್ಞೆಯನ್ನು ತಿಳಿಸುತ್ತಾರೆ. ಕೊನೆಯಲ್ಲಿ ಲಿಪಿಕಾರ ಚಪಡನ ಹೆಸರಿದೆ. ಬ್ರಾಹ್ಮಿಯಲ್ಲಿ ಬರೆಯುತ್ತ ಬಂದವನು ‘ಲಿಪಿಕಾರ’ ಎಂಬ ಪದವನ್ನು ಮಾತ್ರ ವಾಯವ್ಯ ಭಾಗದ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ, ಬರೆದಿದ್ದಾನೆ. ಗಾಂಧಾರದ ಕಡೆ ಕಲಿತ ಗುಮಾಸ್ತನೊಬ್ಬ ಮೊಳಕಾಲ್ಮೂರಿನ ಗುಡ್ಡಗಳವರೆಗೆ ಬಂದಿದ್ದ. ಅಧಿಕಾರಿಗಳು ಹೀಗೆ ಓಡಾಡುತ್ತಿದ್ದ ರಾಜ್ಯದಲ್ಲಿ, ತೋಸಲಿಯಲ್ಲಿ ಕೆಲಸ ಮಾಡಿದ ಒಬ್ಬ ಮಹಾಮಾತ್ರ ವರ್ಗವಾಗಿ ಸನ್ನತಿಗೆ ಬರುವಾಗ ಅಲ್ಲಿನ ಪ್ರತಿಯನ್ನೇ ತಂದಿರಬಹುದಲ್ಲವೇ? ಇದೂ ಊಹೆಯೇ, ಆದರೆ ಕಳಿಂಗದ ನಿರಾಶ್ರಿತರ ಊಹೆಗಿಂತ ಹಗುರವಾದದ್ದು.

ಶಾಸನಾಸಕ್ತ:
ಹದಿನಾಲ್ಕನೆಯ ಶಾಸನ ಹೇಳುವ ಲಿಪಿಕಾರನ ತಪ್ಪು ಎಂಬ ಬಾಗಿಲನ್ನು ನೀವು ಇನ್ನಷ್ಟು ತೆರೆದಿರಿ.

ತುಂಗಭದ್ರೆ:
ಸನ್ನತಿಯ ಪಕ್ಕದ ಕನಗನಹಳ್ಳಿಯನ್ನೂ ಇಲ್ಲಿ ನೆನೆಯಬೇಕು. ಅಲ್ಲಿನ ಸ್ತೂಪದ ಅವಶೇಷಗಳಲ್ಲಿ, ಸಾತವಾಹನರ ಕಾಲದ ಒಂದು ಫಲಕದಲ್ಲಿ, ರಾಣಿಯೊಂದಿಗೆ ನಿಂತಿರುವ ರಾಜನ ಶಿಲ್ಪವಿದೆ. ಛತ್ರ ಚಾಮರ ಹಿಡಿದ ಸೇವಕಿಯರು ಪಕ್ಕದಲ್ಲಿದ್ದಾರೆ. ಅದರ ಮೇಲೆ ಬ್ರಾಹ್ಮಿಯಲ್ಲಿ ರಾಯೋ ಅಸೋಕೋ ಎಂದು ಬರೆದಿದೆ. ಖಾರವೇಲನ ಕಳಿಂಗ ಅವನನ್ನು ನೆನೆಯಲಿಲ್ಲ ಎಂದು ಮಹಾನದಿ ದಂಡೆಯವರು ಬರೆದರು. ಈ ನಾಡು ಅವನು ಸತ್ತು ತಲೆಮಾರುಗಳಾದ ಮೇಲೂ ಅವನ ರೂಪವನ್ನು ಕಡೆದು ಹೆಸರು ಬರೆದಿಟ್ಟಿತು. ಅಧಿಕಾರಿಗಳ ದೌರ್ಜನ್ಯದ ನೆನಪೇ ಉಳಿದಿದ್ದರೆ ಹೀಗೆ ಮಾಡುತ್ತಿದ್ದರೇ?

ನಿಷ್ಠುರವಾದಿ:
ಕಡೆದವರು ಬೌದ್ಧ ಸಂಘಕ್ಕೆ ದಾನ ಕೊಟ್ಟವರು, ಸೆರೆಮನೆಯಲ್ಲಿ ಬಿದ್ದಿದ್ದವರಲ್ಲ. ಸ್ತೂಪಕ್ಕೆ ಅಶೋಕನೆಂದರೆ ಮಹಾದಾನಿ, ಅಷ್ಟೇ. ಇನ್ನು ಅವನೇ ಕಳಿಂಗವನ್ನು ಎಷ್ಟು ದಿನ ನೆನೆದನು ನೋಡಿ. ಪಟ್ಟಾಭಿಷೇಕದ 27 ವರ್ಷಗಳ ನಂತರ ಬರೆಸಿದ ಏಳನೆಯ ಸ್ತಂಭಶಾಸನ ಅವನ ಇಡೀ ಆಳ್ವಿಕೆಯ ವರದಿಯಂತಿದೆ. ದಾರಿಯಲ್ಲಿ ಆಲದ ಮರ ನೆಡಿಸಿದ್ದು, ಮಾವಿನ ತೋಪು ಹಾಕಿಸಿದ್ದು, ಬಾವಿ ತೋಡಿಸಿದ್ದು, ಧರ್ಮಮಹಾಮಾತ್ರರನ್ನು ನೇಮಿಸಿದ್ದು ಎಲ್ಲವೂ ಅದರಲ್ಲಿದೆ. ಕಳಿಂಗ ಇಲ್ಲ.

ತುಂಗಭದ್ರೆ:
ಅದನ್ನು ಮರೆವು ಎಂದು ನೀವು ಓದುತ್ತೀರಿ. ಹದಿಮೂರನೆಯ ಶಾಸನದ ಕೊನೆಯಲ್ಲಿ, ನನ್ನ ಮಕ್ಕಳೂ ಮರಿಮಕ್ಕಳೂ ಹೊಸ ದಿಗ್ವಿಜಯಗಳ ಯೋಚನೆ ಮಾಡದಿರಲಿ, ಮಾಡಿದರೂ ಕ್ಷಮೆಯಿಂದ, ಹಗುರ ಶಿಕ್ಷೆಯಿಂದ ನಡೆದುಕೊಳ್ಳಲಿ ಎಂದಿದೆ. ಆಮೇಲಿನ ವರ್ಷಗಳಲ್ಲಿ ಅವನು ಇನ್ನೊಂದು ಯುದ್ಧ ಮಾಡಿದ ದಾಖಲೆ ನಿಮ್ಮಲ್ಲಿದ್ದರೆ ಇಲ್ಲಿ ಹಾಕಿ.

ನಿಷ್ಠುರವಾದಿ:
ಯುದ್ಧದ ದಾಖಲೆ ಇಲ್ಲ. ಬಿಡುಗಡೆಯ ದಾಖಲೆಯೂ ಇಲ್ಲ.

ಹಳೆಯ ಮೇಷ್ಟ್ರು:
ನೀವಿಬ್ಬರೂ ವಾದ ಮುಂದುವರಿಸಿ. ಭೀಮಾತೀರ ಅವರೇ, ಸನ್ನತಿಯ ಸುತ್ತಮುತ್ತಲಿನ ಹಳೆಯ ಗುಡಿಗಳ ಜೀರ್ಣೋದ್ಧಾರ ನಡೆಯುವಾಗ ಪೀಠದ ಕಲ್ಲುಗಳ ಅಡಿಭಾಗವನ್ನು ಒಮ್ಮೆ ತಿರುಗಿಸಿ ನೋಡಲು ಅಲ್ಲಿನವರಿಗೆ ಹೇಳಿರಿ. 1ರಿಂದ 11ರವರೆಗಿನವು ಇನ್ನೂ ಸಿಗಬೇಕಾಗಿದೆ. ಹದಿಮೂರನೆಯದು ಬೇರೊಂದು ಕಲ್ಲಿನಲ್ಲಿ ಸಿಕ್ಕಿಬಿಟ್ಟರೆ ನಿಮ್ಮ ವಾದವೂ ನನ್ನದೂ ಎರಡೂ ಬಿದ್ದುಹೋಗುತ್ತವೆ.